ಒಂದೂವರೆ ಲಕ್ಷದ ಲ್ಯಾಪ್‌ಟಾಪ್: ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ, ಏನು ಕೈತಪ್ಪುತ್ತದೆ?

ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದುಬಾರಿ ಲ್ಯಾಪ್‌ಟಾಪ್‌ಗಳ ಬಗ್ಗೆಯೇ. ದೂರು ಬರೆದವರು ಹೇಳಿದ್ದ ಕಂಪನಿ, ಅಂಗಡಿಗಳ ಹೆಸರನ್ನು ಕೈಬಿಟ್ಟಿದ್ದೇವೆ. ತೊಂದರೆಗಳು ಯಾವುದೋ ಒಂದು ಕಂಪನಿಯ ಸ್ವತ್ತಲ್ಲ.

ಪುಸ್ತಕಗಳ ಸಂಪಾದನೆ, ಅನುವಾದ ನನ್ನ ಕೆಲಸ. ಹಳೆಯ ಲ್ಯಾಪ್‌ಟಾಪ್ ಐದು ವರ್ಷ ಬಾಳಿತು. ಈಗ ಒಂದೂವರೆ ಲಕ್ಷದವರೆಗೆ ಹಾಕಬಲ್ಲೆ. ಅಷ್ಟು ಹಾಕಿದರೆ ನಿಜವಾಗಿ ಏನು ಹೆಚ್ಚು ಸಿಗುತ್ತದೆ? ‘ಪ್ರೊಸೆಸರ್ ದೊಡ್ಡದು ತಗೋಮ್ಮಾ’ ಅನ್ನುತ್ತಾನೆ ಮಗ.
— ಓದುಗರು, ಬಸವನಗುಡಿ

ಮಗನ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ವರ್ಡ್ ಕಡತ, ನಿಘಂಟು, ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್. ಇಷ್ಟಕ್ಕೆ ಎಂಬತ್ತು ಸಾವಿರದ ಲ್ಯಾಪ್‌ಟಾಪಿನ ಪ್ರೊಸೆಸರೇ ಧಾರಾಳ. ಎಷ್ಟೋ ಸಲ ಒಂದೂವರೆ ಲಕ್ಷದ ತೆಳು ಲ್ಯಾಪ್‌ಟಾಪ್‌ನಲ್ಲಿ ಇರುವುದೂ ಅದೇ ಚಿಪ್. ತಮಾಷೆಯೆಂದರೆ, ದಪ್ಪಗಿರುವ ಅಗ್ಗದ್ದು ಅದೇ ಚಿಪ್‌ಗೆ 45 ವ್ಯಾಟ್ ಉಣಿಸುತ್ತ ಹೋದರೆ, ತೆಳ್ಳಗಿರುವ ದುಬಾರಿಯದ್ದು ಬಿಸಿ ತಾಳದೆ ಕೆಲವೇ ನಿಮಿಷಗಳಲ್ಲಿ 28 ವ್ಯಾಟ್‌ಗೋ ಅದಕ್ಕಿಂತ ಕೆಳಕ್ಕೋ ಇಳಿದುಬಿಡುತ್ತದೆ. ವಿಡಿಯೊ ಎಡಿಟ್ ಮಾಡುವವರಿಗೆ ಇದು ದೊಡ್ಡ ಕುಂದು, ನಿಮಗೆ ಲೆಕ್ಕಕ್ಕಿಲ್ಲ.

ಹೆಚ್ಚುವರಿ ದುಡ್ಡು ಹೋಗುವುದು ಕಣ್ಣಿಗೆ, ಬೆರಳಿಗೆ, ಹೆಗಲಿಗೆ.

ಮೊದಲು ಕಣ್ಣು. ಅಗ್ಗದ ಲ್ಯಾಪ್‌ಟಾಪ್‌ಗಳ ಪರದೆ ಸಾಮಾನ್ಯವಾಗಿ 250 ನಿಟ್ಸ್ ಬೆಳಕಿನದು, ವಿವರಪಟ್ಟಿಯಲ್ಲಿ ‘ಎನ್‌ಟಿಎಸ್‌ಸಿ ಶೇ 45’ ಅಂತ, ಎಂದರೆ ತೋರಿಸುವ ಬಣ್ಣಗಳ ಹರವು ಕಡಿಮೆ ಅಂತ, ಬರೆದಿರುತ್ತದೆ. ಅಂಥದ್ದರಲ್ಲಿ ಕುಂಕುಮದ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ದುಬಾರಿಯದರಲ್ಲಿ 400ರಿಂದ 500 ನಿಟ್ಸ್, ಬಣ್ಣವೂ ಪೂರಾ. ನಿಮ್ಮ ಕೆಲಸಕ್ಕೆ ಬಣ್ಣಕ್ಕಿಂತ ಮುಖ್ಯವಾದದ್ದು ಚುಕ್ಕಿಗಳ ಸಾಂದ್ರತೆ. 15.6 ಇಂಚಿನ ಮಾಮೂಲಿ ಫುಲ್ ಎಚ್‌ಡಿ ಪರದೆಯಲ್ಲಿ ಇಂಚಿಗೆ ಸುಮಾರು 141 ಚುಕ್ಕಿ. 14 ಇಂಚಿನ 1920×1200 ಪರದೆಯಲ್ಲಿ ಸುಮಾರು 162. ಅದೇ ಅಳತೆಯ 2880×1800ರಲ್ಲಿ ಸುಮಾರು 243. ಇಂಗ್ಲಿಷ್ ಓದುವವರಿಗೆ ಇದು ಶೋಕಿ ಅನ್ನಿಸಬಹುದು, ಕನ್ನಡ ಕರಡು ತಿದ್ದುವವರಿಗೆ ಅಲ್ಲ. ‘ದ’ದ ಕೆಳಗೆ ಸಣ್ಣ ಸೀಳೊಂದು ಇದ್ದರೆ ಅದು ‘ಧ’. ಹತ್ತು ಪಾಯಿಂಟ್ ಅಕ್ಷರದಲ್ಲಿ ಆ ಸೀಳು ಒಂದೆರಡು ಚುಕ್ಕಿಯಷ್ಟೇ. ಒರಟು ಪರದೆಯಲ್ಲಿ ಮುಚ್ಚಿಹೋಗುತ್ತದೆ. ‘ರಾಷ್ಟ್ರ’ದ ಒತ್ತುಗಳಂತೂ ಒಂದಕ್ಕೊಂದು ಅಂಟಿಕೊಂಡು ಕಪ್ಪು ಮುದ್ದೆಯಾಗುತ್ತವೆ. ಅಂಗಡಿಗೆ ಹೋಗುವಾಗ ಒಂದು ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಕರಡಿನ ಪಿಡಿಎಫ್ ಒಯ್ಯಿರಿ, ನೂರು ಶೇಕಡಾ ಗಾತ್ರದಲ್ಲಿ ತೆರೆಯಿರಿ, ಮಹಾಪ್ರಾಣಗಳನ್ನು ಹುಡುಕಿ. ಅಂಗಡಿಯವರು ಹಾಕಿಟ್ಟ ಜಲಪಾತದ ವಿಡಿಯೊ ನೋಡಿ ಏನೂ ತಿಳಿಯುವುದಿಲ್ಲ.

ಬೆರಳಿಗೆ: ಟಚ್‌ಪ್ಯಾಡಿನ ಮೇಲಿನ ಅಂಚಿನಲ್ಲಿ ಒತ್ತಿ ನೋಡಿ. ಅಗ್ಗದವುಗಳಲ್ಲಿ ಕೆಳಭಾಗ ಮಾತ್ರ ‘ಟಿಕ್’ ಎನ್ನುತ್ತದೆ, ಮೇಲ್ಭಾಗ ಕಲ್ಲು. ಮುಚ್ಚಳವನ್ನು ಒಂದೇ ಬೆರಳಲ್ಲಿ ಎತ್ತಿ: ಕೆಳಗಿನ ಭಾಗವೂ ಜೊತೆಗೆ ಎದ್ದು ಬಂದರೆ ಹಿಂಜ್ ಹೊಂದಿಕೆ ಸರಿಯಿಲ್ಲ. ಹೆಗಲಿಗೆ: 1.1ರಿಂದ 1.3 ಕಿಲೋ, ಜೊತೆಗೆ ಅಂಗೈಯಲ್ಲಿ ಹಿಡಿಸುವ 65 ವ್ಯಾಟ್ ಚಾರ್ಜರ್. ಹಳೆಯದು ಚಾರ್ಜರ್ ಸೇರಿ ಎರಡು ಕಿಲೋ ದಾಟಿರುತ್ತದೆ.

ಇನ್ನು ಕೈತಪ್ಪುವುದು. ತೆಳು ಮಾಡಲು, ತೆರೆದ ಕೆಲಸವನ್ನು ಆ ಹೊತ್ತಿಗೆ ಹಿಡಿದಿಡುವ ರ‍್ಯಾಮ್ ಅನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಿ ಅದು ಪ್ರೊಸೆಸರ್ ಪೊಟ್ಟಣದೊಳಗೇ ಕುಳಿತಿದೆ, 32 ಜಿಬಿಗಿಂತ ಹೆಚ್ಚಿನದು ಸಿಗುವುದೂ ಇಲ್ಲ. ಹಳೆಯದಕ್ಕೆ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆ ಎಸ್‌ಪಿ ರೋಡಿನಲ್ಲಿ ಎಂಟು ಜಿಬಿ ಸೇರಿಸಿಕೊಂಡು ಬಂದಹಾಗೆ ಇದಕ್ಕೆ ಆಗದು. ಕೊಳ್ಳುವ ದಿನ ಎಷ್ಟೋ, ಕೊನೆಯ ದಿನವೂ ಅಷ್ಟೇ. ಆದ್ದರಿಂದ ಪ್ರೊಸೆಸರ್‌ನಲ್ಲಿ ಒಂದು ಮೆಟ್ಟಿಲು ಇಳಿದು ಆ ದುಡ್ಡನ್ನು ರ‍್ಯಾಮಿಗೆ ಹಾಕಿ. 16 ಜಿಬಿ ಕನಿಷ್ಠ, 24 ಅಥವಾ 32 ನೆಮ್ಮದಿ. ಕಡತಗಳು ಉಳಿಯುವ ಎಸ್‌ಎಸ್‌ಡಿ ಹಾಗಲ್ಲ. ಹೆಚ್ಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಅದು ಬಿಚ್ಚಿ ಬದಲಿಸಬಹುದಾದ ಎಂ.2 ಪಟ್ಟಿ, 512 ಜಿಬಿ ತೆಗೆದುಕೊಂಡು ಮುಂದೆ ಬೇಕಾದಾಗ ಬದಲಿಸಬಹುದು.

ಆ್ಯಪಲ್‌ನ ಮ್ಯಾಕ್‌ಬುಕ್ ಏರ್‌ನಲ್ಲಿ ಆ ಅವಕಾಶವೂ ಇಲ್ಲ. 2025ರ ಮಾರ್ಚ್‌ನಲ್ಲಿ ಎಂ4 ಚಿಪ್‌ನೊಂದಿಗೆ ಬಂದಾಗ 13 ಇಂಚಿನದಕ್ಕೆ 99,900 ರೂಪಾಯಿ ಇತ್ತು. 16 ಜಿಬಿ ರ‍್ಯಾಮ್, 256 ಜಿಬಿ ಜಾಗ. ಅದಕ್ಕೆ ಫ್ಯಾನೇ ಇಲ್ಲ, ರಾತ್ರಿ ಹನ್ನೆರಡಕ್ಕೂ ನಿಶ್ಶಬ್ದ. ತೂಕ 1.24 ಕಿಲೋ. ಕುಂದು: ಪರದೆ 60 ಹರ್ಟ್ಸ್ (ಸೆಕೆಂಡಿಗೆ 60 ಸಲವಷ್ಟೇ ಚಿತ್ರ ಬದಲಿಸುವುದು), ಎಡಗಡೆ ಎರಡೇ ಸಿ ಪೋರ್ಟ್. ಬರವಣಿಗೆಗೆ ಒಳ್ಳೆಯ ಯಂತ್ರ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳು ಬೇಕೇಬೇಕು ಅನ್ನುವವರು ಮುಂದೆ ನಾಲ್ಕನೆಯ ಉತ್ತರ ಓದಿಕೊಂಡು ತೀರ್ಮಾನಿಸಿ.

ಹೊಸ ಅಲ್ಯೂಮಿನಿಯಂ ಲ್ಯಾಪ್‌ಟಾಪ್. ಚಾರ್ಜಿಗೆ ಹಾಕಿದಾಗ ಅಂಗೈ ಇಡುವ ಜಾಗ ಜುಮುಜುಮು ಅನ್ನುತ್ತದೆ. ಬರಿಗಾಲಲ್ಲಿ ಕೂತರೆ ಜಾಸ್ತಿ. ಸರ್ವಿಸ್ ಸೆಂಟರ್‌ನಲ್ಲಿ ‘ನಾರ್ಮಲ್ ಸಾರ್’ ಎಂದು ವಾಪಸ್ ಕಳಿಸಿದರು. ಮನೆ ನಲವತ್ತು ವರ್ಷ ಹಳೆಯದು.
— ಓದುಗರು, ರಾಜಾಜಿನಗರ

ಅವರು ಹೇಳಿದ್ದು ಅರ್ಧ ಸತ್ಯ. ಚಾರ್ಜರಿನೊಳಗೆ 230 ವೋಲ್ಟ್ ಬದಿಗೂ ಲ್ಯಾಪ್‌ಟಾಪ್ ಬದಿಗೂ ನಡುವೆ ರೇಡಿಯೊ ಗದ್ದಲ ತಡೆಯಲೆಂದು ‘ವೈ’ ದರ್ಜೆಯ ಪುಟ್ಟ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ತೀರಾ ಸಣ್ಣ ಪ್ರವಾಹ ಲ್ಯಾಪ್‌ಟಾಪಿನ ಲೋಹದ ಮೈಗೆ ಜಿನುಗುತ್ತದೆ. ಎರಡು ಪಿನ್ನಿನ ಚಾರ್ಜರ್‌ಗೆ ಅಂತರರಾಷ್ಟ್ರೀಯ ಮಾನದಂಡ ಒಪ್ಪುವ ಮಿತಿ ಒಂದು ಮಿಲಿ ಆಂಪಿಯರ್‌ಗಿಂತಲೂ ಕಡಿಮೆ. ಜೀವಕ್ಕೆ ಅಪಾಯವಿಲ್ಲ, ಆದರೆ ಮುಂಗೈ ಸವರಿದರೆ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಮೈಯಲ್ಲಿ ಇದು ಕಾಣಿಸುತ್ತಲೇ ಇರಲಿಲ್ಲ. ಮೂರು ಪಿನ್ನಿನ ಚಾರ್ಜರ್ ಆದರೆ ಆ ಜಿನುಗು ಅರ್ಥಿಂಗ್ ತಂತಿಯಲ್ಲಿ ನೆಲಕ್ಕೆ ಹರಿದು ಹೋಗುತ್ತದೆ. ಅರ್ಥಿಂಗ್ ಇದ್ದರೆ.

ಪ್ರಶ್ನೆ ಇರುವುದು ಅಲ್ಲಿ. ಹಳೆಯ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇರುತ್ತವೆ, ಮೇಲಿನ ದಪ್ಪ ತೂತಿಗೆ ತಂತಿಯೇ ಬಂದಿರುವುದಿಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಮಲ್ಟಿಮೀಟರ್‌ನಲ್ಲಿ ಮೂರು ಅಳತೆ ತೆಗೆಸಿ. ಫೇಸ್–ನ್ಯೂಟ್ರಲ್ ನಡುವೆ 230ರ ಆಸುಪಾಸು. ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗೆ. ಎರಡನೆಯದು ನೂರೋ ಎಂಬತ್ತೋ ತೋರಿಸಿ ಅತ್ತಿತ್ತ ಅಲೆದರೆ ಅರ್ಥಿಂಗ್ ಇಲ್ಲ ಎಂದೇ ಅರ್ಥ. ತಂತಿ ಇದ್ದೂ ಹೀಗಾಗುತ್ತಿದ್ದರೆ ಅಂಗಳದ ಅರ್ಥಿಂಗ್ ಗುಂಡಿ ಒಣಗಿರಬಹುದು. ಉಪ್ಪು–ಇದ್ದಿಲಿನ ಹಳೇ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಕೊಳವೆಗೆ ತಂತಿ ಬಿಗಿದ ಬೋಲ್ಟ್ ತುಕ್ಕು ಹಿಡಿದಿದೆಯೇ ಎಂದೂ ನೋಡಿಸಿ.

ಒಂದು ಎಚ್ಚರಿಕೆ. ‘ನ್ಯೂಟ್ರಲ್‌ನಿಂದ ಒಂದು ಲೂಪ್ ಕೊಟ್ಟುಬಿಡ್ತೀನಿ, ಸರಿಹೋಗತ್ತೆ’ ಎಂದು ಯಾರಾದರೂ ಸಾಕೆಟ್ಟಿನಲ್ಲೇ ನ್ಯೂಟ್ರಲ್ಲಿಗೂ ಅರ್ಥಿಗೂ ತುಂಡು ತಂತಿ ಬೆಸೆಯಲು ಹೊರಟರೆ ಬೇಡವೇ ಬೇಡ ಅನ್ನಿ. ಮೀಟರಿನಲ್ಲಿ ಅಳತೆ ಸರಿಯಾಗಿ ಕಾಣುತ್ತದೆ. ಮುಂದೊಂದು ದಿನ ನ್ಯೂಟ್ರಲ್ ಕಡಿದರೆ ಲ್ಯಾಪ್‌ಟಾಪ್, ಗೀಸರ್, ಫ್ರಿಜ್ಜಿನ ಮೈಯೆಲ್ಲ 230 ವೋಲ್ಟ್.

ಅರ್ಥಿಂಗ್ ಸರಿಯಿದ್ದೂ ಜುಮುಗುಟ್ಟಿದರೆ ಚಾರ್ಜರ್ ಎರಡು ಪಿನ್ನಿನದು. ಅಡಾಪ್ಟರಿನ ಪ್ಲಗ್ ಕೂರುವ ಕುಳಿಯಲ್ಲಿ ಅರ್ಥಿಂಗ್‌ಗೆಂದು ಇಟ್ಟ ಲೋಹದ ಬಟನ್ ಕಾಣಿಸಿದರೆ, ಅದೇ ಕಂಪನಿಯ ಮೂರು ಪಿನ್ನಿನ ಉದ್ದ ಕೇಬಲ್ ಪ್ರತ್ಯೇಕವಾಗಿ ಸಿಗುತ್ತದೆ, ಹಾಕಿಕೊಂಡರೆ ನಿಲ್ಲುತ್ತದೆ. ಮೂರು ಪಿನ್ನನ್ನು ಎರಡಾಗಿಸುವ ಬಿಳಿ ಕನ್ವರ್ಟರ್ ಬಳಸುತ್ತಿದ್ದರೆ ಎಸೆಯಿರಿ. ಜುಮುಜುಮು ಅಲ್ಲ, ಕೈ ಹಿಂದಕ್ಕೆಳೆಯುವಂಥ ಹೊಡೆತ ಬಿದ್ದರೆ ಮಾತ್ರ ಚಾರ್ಜರ್ ಅನ್ನು ಅವತ್ತೇ ನಿಲ್ಲಿಸಿ.

ಸಂಜೆ ಆಫೀಸಿನಲ್ಲಿ ಮುಚ್ಚಿ ಬ್ಯಾಗಿಗೆ ಹಾಕುವಾಗ ಶೇ 80 ಇರುತ್ತದೆ. ವೈಟ್‌ಫೀಲ್ಡ್‌ನಿಂದ ಮೆಟ್ರೊದಲ್ಲಿ ವಿಜಯನಗರಕ್ಕೆ ಬರುವಷ್ಟರಲ್ಲಿ ಬ್ಯಾಗು ಇಸ್ತ್ರಿಪೆಟ್ಟಿಗೆ, ಬ್ಯಾಟರಿ ಶೇ 50. ವಿಂಡೋಸ್ 11.
— ಓದುಗರು, ವಿಜಯನಗರ

ಮುಚ್ಚಿದ್ದೀರಿ, ಅದು ಮಲಗಿಲ್ಲ. ಹಳೆಯ ಲ್ಯಾಪ್‌ಟಾಪ್‌ಗಳು ಸ್ಲೀಪ್‌ನಲ್ಲಿ ರ‍್ಯಾಮ್ ಒಂದಕ್ಕೆ ಕರೆಂಟು ಕೊಟ್ಟು ಉಳಿದದ್ದನ್ನೆಲ್ಲ ಆರಿಸುತ್ತಿದ್ದವು. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿರುವುದು ‘ಮಾಡರ್ನ್ ಸ್ಟ್ಯಾಂಡ್‌ಬೈ’, ಫೋನಿನಂತೆ ಅರೆನಿದ್ದೆ. ಮೇಲ್, ಅಪ್‌ಡೇಟ್ ಅಂತ ಆಗಾಗ ಎದ್ದೇಳುತ್ತದೆ. ಯಾವುದೋ ಡ್ರೈವರ್ (ಬಿಡಿಭಾಗವೊಂದನ್ನು ನಡೆಸುವ ತಂತ್ರಾಂಶ) ಮತ್ತೆ ಮಲಗಲು ಬಿಡದಿದ್ದರೆ, ಗಾಳಿಯಾಡದ ಬ್ಯಾಗಿನೊಳಗೆ ಬಿಸಿಯೇರುತ್ತ ಕೂರುತ್ತದೆ. ಫೋಮ್ ಪೌಚಿನೊಳಗೆ ಹಾಕಿದ್ದರೆ ಇನ್ನೂ ಚೆನ್ನ!

ದೋಷಿಯನ್ನು ಹಿಡಿಯಲು ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಓರೆಗೆರೆ, ಸ್ಲೀಪ್‌ಸ್ಟಡಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ (powercfg /sleepstudy) ಟೈಪ್ ಮಾಡಿ. ಒಂದು ವರದಿ ಕಡತ ತಯಾರಾಗುತ್ತದೆ. ಅದರಲ್ಲಿ ಕಳೆದ ಮೂರು ದಿನ ಯಾವಾಗ ಮಲಗಿತು, ಎಷ್ಟು ಬ್ಯಾಟರಿ ತಿಂದಿತು, ಯಾವ ಸಾಧನ ಎಬ್ಬಿಸಿಟ್ಟಿತು ಎಲ್ಲ ಇರುತ್ತದೆ. ಹೆಚ್ಚಾಗಿ ಸಿಕ್ಕಿಬೀಳುವುದು ವೈಫೈ ಅಥವಾ ಬ್ಲೂಟೂತ್ ಡ್ರೈವರ್. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದಲೇ ಹೊಸದನ್ನು ಹಾಕಿ.

ಅಷ್ಟೆಲ್ಲ ಪುರಸೊತ್ತಿಲ್ಲವೆಂದರೆ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂಬಲ್ಲಿ ಸ್ಲೀಪ್ ಬದಲು ಹೈಬರ್ನೇಟ್ ಆರಿಸಿ, ಬ್ಯಾಟರಿಗೂ ಚಾರ್ಜರಿಗೂ ಎರಡಕ್ಕೂ. ರ‍್ಯಾಮಿನಲ್ಲಿರುವುದನ್ನೆಲ್ಲ ಎಸ್‌ಎಸ್‌ಡಿಗೆ ಬರೆದು ಪೂರ್ತಿ ಆರಿಹೋಗುತ್ತದೆ. ಮತ್ತೆ ತೆರೆದಾಗ ಹತ್ತಿಪ್ಪತ್ತು ಸೆಕೆಂಡು ಕಾಯಬೇಕು, ಅಷ್ಟೇ ನಷ್ಟ. ಮತ್ತೊಂದು ಸಣ್ಣ ಅಭ್ಯಾಸ: ಮೊದಲು ಚಾರ್ಜರ್ ಕಿತ್ತು, ಆಮೇಲೆ ಮುಚ್ಚಿ. ಚಾರ್ಜಿನಲ್ಲಿರುವಾಗಲೇ ಮುಚ್ಚಿದರೆ ‘ಕರೆಂಟಿದೆ, ಕೆಲಸ ಮಾಡಬಹುದು’ ಎಂಬ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಳ್ಳುವ ಲ್ಯಾಪ್‌ಟಾಪ್‌ಗಳಿವೆ. ನಮ್ಮ ಲೆಕ್ಕದಲ್ಲಿ ಸ್ಲೀಪ್‌ನಲ್ಲಿ ಗಂಟೆಗೆ ಶೇ 1ಕ್ಕಿಂತ ಹೆಚ್ಚು ತಿನ್ನುವುದು ಒಪ್ಪುವಂಥದ್ದಲ್ಲ.

ಲೆಕ್ಕಪರಿಶೋಧಕ ನಾನು. ಲೆಕ್ಕ ಬರೆಯಲು ಟ್ಯಾಲಿ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಆಗಾಗ ನುಡಿಯಲ್ಲಿ ಕನ್ನಡ ಪತ್ರ. ಎಲ್ಲರೂ ಮ್ಯಾಕ್ ಹೊಗಳುತ್ತಾರೆ. ತಗೊಳ್ಳಲೇ?
— ಓದುಗರು, ಜಯನಗರ 4ನೇ ಬ್ಲಾಕ್

ಬೇಡ. ಮ್ಯಾಕ್ ಕೆಟ್ಟದ್ದೆಂದಲ್ಲ, ನೀವು ಹೇಳಿದ ಮೂರರಲ್ಲಿ ಎರಡು ವಿಂಡೋಸ್‌ಗೆಂದೇ ಹುಟ್ಟಿದವು. ಟ್ಯಾಲಿಪ್ರೈಮ್ ವಿಂಡೋಸ್ ತಂತ್ರಾಂಶ, ನುಡಿಯೂ ಅಷ್ಟೇ. ಇಂಟೆಲ್ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಹಾಕಿ ವಿಂಡೋಸನ್ನೇ ಓಡಿಸಬಹುದಿತ್ತು, 2020ರ ನವೆಂಬರ್‌ನಲ್ಲಿ ಬಂದ ಎಂ1 ಚಿಪ್‌ನಿಂದಾಚೆಗೆ ಅದಿಲ್ಲ. ಮ್ಯಾಕ್‌ನೊಳಗೇ ವಿಂಡೋಸ್ ತೆರೆಯುವ ಪ್ಯಾರಲಲ್ಸ್ ತಂತ್ರಾಂಶದ ಮೂಲಕ ಆರ್ಮ್ ವಿಂಡೋಸ್ (ಆರ್ಮ್ ಎಂಬ ಬೇರೆ ಬಗೆಯ ಚಿಪ್‌ಗೆಂದು ಮಾಡಿದ್ದು) ಹಾಕಿಕೊಂಡು ನಡೆಸುವವರಿದ್ದಾರೆ. ಆದರೆ ರಿಟರ್ನ್ಸ್ ಸಲ್ಲಿಸುವ ಕೊನೆಯ ರಾತ್ರಿ ಟೋಕನ್ ಗುರುತು ಸಿಗದೆ ಕೂರುವ ಸಾಹಸ ನಿಮ್ಮ ವೃತ್ತಿಗಲ್ಲ.

ಇದೇ ಕಾರಣಕ್ಕೆ, ಆರ್ಮ್ ಬಗೆಯದೇ ಆದ ಸ್ನಾಪ್‌ಡ್ರ್ಯಾಗನ್ ಎಕ್ಸ್ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳುವಾಗಲೂ ಎಚ್ಚರ. ಬ್ಯಾಟರಿ ದಿನಪೂರ್ತಿ ಬರುತ್ತದೆ, ತಣ್ಣಗಿರುತ್ತದೆ. ಇಂಟೆಲ್‌ಗಾಗಿ ಬರೆದ ತಂತ್ರಾಂಶಗಳನ್ನು ಅನುಕರಣೆಯಿಂದ ಓಡಿಸುತ್ತದೆ, ಡ್ರೈವರ್‌ಗಳನ್ನು ಮಾತ್ರ ಓಡಿಸಲಾರದು. ಟೋಕನ್, ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಸ್ಕ್ಯಾನರ್ ಇವಕ್ಕೆ ಆರ್ಮ್ ಡ್ರೈವರ್ ಇದೆಯೇ ಎಂದು ತಯಾರಕರ ಜಾಲತಾಣದಲ್ಲಿ ಕಣ್ಣಾರೆ ನೋಡಿದ ಮೇಲೆಯೇ ದುಡ್ಡು ಕೊಡಿ. ನಿಮಗೆ ಇಂಟೆಲ್ ಅಥವಾ ಎಎಂಡಿ ಚಿಪ್‌ನ, ಎರಡಾದರೂ ಯುಎಸ್‌ಬಿ ಎ ಪೋರ್ಟ್ ಇರುವ 14 ಇಂಚಿನ ಬಿಸಿನೆಸ್ ದರ್ಜೆಯದ್ದು ಹೊಂದುತ್ತದೆ. ಕೀಬೋರ್ಡ್ ಗಟ್ಟಿ, ಮೂರು ವರ್ಷದ ಆನ್‌ಸೈಟ್ ವಾರಂಟಿಯೂ ಅವುಗಳಿಗೇ ಸುಲಭವಾಗಿ ಸಿಗುವುದು. ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿನ ಸವಕಳಿ (ವರ್ಷಕ್ಕೆ ಬೆಲೆಯಲ್ಲಿ ಕಳೆಯಬಹುದಾದ ಪಾಲು) ಶೇ 40 ಎನ್ನುವುದನ್ನು ನಿಮಗೆ ನಾವು ಹೇಳಿಕೊಡಬೇಕಿಲ್ಲ.

ಬಸವನಗುಡಿಯ ಓದುಗರಿಗೆ: ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡಕ್ಕೆ ಮ್ಯಾಕ್‌ನಲ್ಲೇ ಕೀಬೋರ್ಡ್ ಇದೆ. ಹಳೆಯ ನುಡಿ ಫಾಂಟಿನ ಕಡತಗಳನ್ನು ಮಾತ್ರ ವಿಂಡೋಸ್ ಯಂತ್ರ ಕೈಲಿರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ. ಅರ್ಕಾವೊತ್ತು ಇರುವ ಪದಗಳನ್ನು ಆಮೇಲೆ ಒಂದು ಸಲ ಕಣ್ಣಾಡಿಸಿ ನೋಡಬೇಕು.

ಒಎಲ್ಇಡಿ ಪರದೆಯೋ ಐಪಿಎಸ್ಸೋ?
— ಓದುಗರು, ಯಲಹಂಕ

ಫೋಟೊ, ಸಿನಿಮಾ ಹೆಚ್ಚಾದರೆ ಒಎಲ್ಇಡಿ. ದಿನಕ್ಕೆ ಎಂಟು ಗಂಟೆ ಬಿಳಿ ಹಾಳೆಯ ಮೇಲೆ ಬರೆಯುವವರಿಗೆ ಮ್ಯಾಟ್ (ಹೊಳಪಿಲ್ಲದ) ಐಪಿಎಸ್, ಎಂದರೆ ಹಿಂದಿನಿಂದ ಬೆಳಕು ಬೀಳುವ ಎಲ್‌ಸಿಡಿ ಪರದೆ. ಒಎಲ್ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಉರಿಯುವುದರಿಂದ ಬಿಳಿ ಹಾಳೆಗೆ ಹೆಚ್ಚು ಬ್ಯಾಟರಿ ಬೇಕು. ವರ್ಷಗಟ್ಟಲೆ ಅಲ್ಲಾಡದ ಟಾಸ್ಕ್‌ಬಾರ್‌ನ ನೆರಳು ಉಳಿದುಬಿಡಬಹುದು. ಅದನ್ನು ತಾನಾಗಿ ಅಡಗುವಂತೆ ಇಟ್ಟುಕೊಳ್ಳಿ. ಬೆಳಕು ತಗ್ಗಿಸಿದಾಗ ಹಲವು ಪರದೆಗಳು ಉರಿದು ಆರಿ ಮಿಣುಕುತ್ತವೆ, ಕೆಲವರಿಗೆ ತಲೆನೋವು ಬರುತ್ತದೆ. ಅಂಗಡಿಯಲ್ಲಿ ಪರದೆಯ ಬೆಳಕು ಶೇ 30ಕ್ಕೆ ಇಳಿಸಿ, ಫೋನ್ ಕ್ಯಾಮೆರಾದ ಪ್ರೊ ವಿಧಾನದಲ್ಲಿ ಶಟರ್ 1/1000ಕ್ಕೆ ಇಟ್ಟು ನೋಡಿ. ದಪ್ಪ ಕಪ್ಪು ಪಟ್ಟೆಗಳು ಕಂಡರೆ ಮಿಣುಕು ಜೋರಾಗಿದೆ.

ಮೂರು ವರ್ಷದ ಲ್ಯಾಪ್‌ಟಾಪ್. ಟಚ್‌ಪ್ಯಾಡ್ ಒತ್ತಲು ಬರುತ್ತಿಲ್ಲ, ಒಂದು ಮೂಲೆ ಎದ್ದಂತಿದೆ. ಸ್ಕ್ರೂ ಬಿಗಿ ಮಾಡಿಸಲೇ?
— ಓದುಗರು, ಕೆಂಗೇರಿ

ಸ್ಕ್ರೂ ಮುಟ್ಟಬೇಡಿ! ಟಚ್‌ಪ್ಯಾಡಿನ ಕೆಳಗೆ ಬ್ಯಾಟರಿ ಇರುತ್ತದೆ, ಅದು ಊದಿಕೊಂಡಿದೆ. ಸದಾ ಶೇ 100ರಲ್ಲಿ, ಬಿಸಿಯಲ್ಲಿ, ಚಾರ್ಜರಿಗೆ ಕಟ್ಟಿಹಾಕಿದಂತೆ ಇದ್ದ ಲಿಥಿಯಂ ಚೀಲದೊಳಗೆ ಅನಿಲ ಹುಟ್ಟುತ್ತದೆ. ಈಗಲೇ ಆರಿಸಿ, ಚಾರ್ಜರ್ ಕೀಳಿ, ಮುಚ್ಚಳ ಒತ್ತಿ ಮುಚ್ಚಬೇಡಿ, ಹಾಸಿಗೆ, ಕಿಟಕಿ ಪರದೆಗಳಿಂದ ದೂರ ಗಟ್ಟಿ ನೆಲದ ಮೇಲಿಡಿ. ಕೊರಿಯರ್‌ಗೆ ಹಾಕದೆ ಕೈಯಲ್ಲೇ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಬಿಚ್ಚಿದ ಹಳೇ ಬ್ಯಾಟರಿಯನ್ನು ಅವರಿಗೇ ಬಿಡಿ. ಕಸದ ಗಾಡಿಯಲ್ಲಿ ಅದುಮಿದಾಗ ಹೊತ್ತಿಕೊಳ್ಳುವ ವಸ್ತು ಅದು.

ಹೊಸ ಬ್ಯಾಟರಿ ಹಾಕಿಸಿದ ಮೇಲೆ ಕಂಪನಿಯದೇ ಆ್ಯಪ್‌ನಲ್ಲಿ ಚಾರ್ಜಿನ ಮಿತಿ ಶೇ 80ಕ್ಕೆ ಇಡಿ. ಆರು ತಿಂಗಳಿಗೊಮ್ಮೆ ಮೇಲೆ ಹೇಳಿದ ಪವರ್‌ಸಿಎಫ್‌ಜಿಯ ಬ್ಯಾಟರಿರಿಪೋರ್ಟ್ (powercfg /batteryreport) ತೆಗೆದು ‘ಡಿಸೈನ್ ಕೆಪಾಸಿಟಿ’, ‘ಫುಲ್ ಚಾರ್ಜ್ ಕೆಪಾಸಿಟಿ’ ಹೋಲಿಸಿ. 72 ವ್ಯಾಟ್-ಅವರ್‌ನದು 58ಕ್ಕೆ ಇಳಿದಿದ್ದರೆ ಉಳಿದಿರುವುದು ಸುಮಾರು ಶೇ 80.

ಎಸ್‌ಪಿ ರೋಡಿನಲ್ಲಿ ಎರಡು ಲಕ್ಷದ ಮಾಡೆಲ್ಲು ಸೆಕೆಂಡ್ ಹ್ಯಾಂಡ್ ಐವತ್ತು ಸಾವಿರಕ್ಕೆ ಕೊಡುತ್ತಾರೆ. ನಂಬಬಹುದೇ?
— ಓದುಗರು, ಯಶವಂತಪುರ

ನಂಬುವುದು ಬೇಡ, ನೋಡಿ ತಗೊಳ್ಳಿ. ಈ ಊರಿನಲ್ಲಿ ಇಂಥವು ಬಹುಪಾಲು ಐಟಿ ಕಂಪನಿಗಳಿಂದ ಬಂದವು, ಚೆನ್ನಾಗಿಯೂ ಇರುತ್ತವೆ. ತೊಡಕೆಂದರೆ ಮೊದಲ ಮಾಲೀಕ ಕಂಪನಿ ತಂತ್ರಾಂಶದಲ್ಲಿ ಹಾಕಿಟ್ಟ ಬೀಗ. ಅಂಗಡಿಯಲ್ಲಿ ನಿಮ್ಮೆದುರೇ ಪೂರ್ತಿ ರೀಸೆಟ್ ಮಾಡಿಸಿ, ಸೆಟಪ್ ನಡೆಯುವಾಗ ನಿಮ್ಮ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ. ಯಾವುದೋ ಸಂಸ್ಥೆಯ ಹೆಸರು ಹಾಕಿ ಲಾಗಿನ್ ಕೇಳಿದರೆ ಅಲ್ಲಿಗೇ ಬಿಡಿ. ಮ್ಯಾಕ್ ಆದರೆ ‘ರಿಮೋಟ್ ಮ್ಯಾನೇಜ್‌ಮೆಂಟ್’ ಅಥವಾ ‘ಆಕ್ಟಿವೇಷನ್ ಲಾಕ್’ ಪರದೆ ಬರುತ್ತದೆ. ಇಂಟರ್ನೆಟ್ ಇಲ್ಲದೆ ಸೆಟಪ್ ಮುಗಿಸಿ ಕೊಟ್ಟರೆ ಇದು ಅಡಗಿರುತ್ತದೆ, ಮುಂದಿನ ರೀಸೆಟ್‌ಗೆ ತಲೆಯೆತ್ತುತ್ತದೆ. ವಿಂಡೋಸ್‌ಗೂ ಮೊದಲು ತೆರೆಯುವ ಮೂಲ ಸೆಟ್ಟಿಂಗ್ಸ್ ಬಯೋಸ್‌ಗೂ ಹೋಗಿ ನೋಡಿ. ಪಾಸ್‌ವರ್ಡ್ ಕೇಳಿದರೆ ಬೇಡ.

ಬೆರಳೆಣಿಕೆಯವನ್ನು ಬಿಟ್ಟರೆ ಇಂಟೆಲ್ 8ನೇ ಪೀಳಿಗೆಗಿಂತ ಹಳೆಯದು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬ್ಯಾಟರಿ ವರದಿ ನೋಡಿ, ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಇಲ್ಲದೆ ಎರಡು ಸಾವಿರ ಕಡಿಮೆ ಮಾಡುತ್ತೇವೆಂದರೆ ಆ ಎರಡು ಸಾವಿರ ಅವರಲ್ಲೇ ಇರಲಿ.

ಅಪಘಾತ ವಾರಂಟಿ ಅಂತ ಇನ್ನಷ್ಟು ದುಡ್ಡು ಕೇಳುತ್ತಾರೆ. ಬೇಕೇ?
— ಓದುಗರು, ಮಲ್ಲೇಶ್ವರಂ

ದುಬಾರಿಯದಕ್ಕೆ ಬೇಕು. ಮಾಮೂಲಿ ವಾರಂಟಿಯಲ್ಲಿ ಬಿದ್ದದ್ದು, ನೀರು ಚೆಲ್ಲಿದ್ದು ಸೇರುವುದಿಲ್ಲ. ತೆಳು ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್, ಪ್ರೊಸೆಸರ್ ಎಲ್ಲ ಒಂದೇ ಬೋರ್ಡಿನ ಮೇಲಿರುವುದರಿಂದ ಒಂದು ಕೆಟ್ಟರೆ ಇಡೀ ಬೋರ್ಡನ್ನೇ ಬದಲಿಸುತ್ತಾರೆ. ಕಂಪನಿಯದೇ ಯೋಜನೆ ತಗೊಳ್ಳಿ, ಅಂಗಡಿಯ ಪರವಾಗಿ ಮೂರನೆಯವರು ಮಾರುವುದಲ್ಲ. ವರ್ಷಕ್ಕೆ ಎಷ್ಟು ಸಲ, ಪ್ರತಿ ಸಲ ನಿಮ್ಮ ಪಾಲಿನ ಶುಲ್ಕವೆಷ್ಟು ಎಂಬುದನ್ನು ಬರಹದಲ್ಲೇ ನೋಡಿ. ಬರೆದುಕೊಟ್ಟದ್ದನ್ನು ಆಮೇಲೆ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಫಿಲ್ಟರ್ ಕಾಫಿ ಚೆಲ್ಲಿತೋ: ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದು ಆರಿಸಿ, ಚಾರ್ಜರ್ ಕಿತ್ತು, ಗುಡಾರದಂತೆ ತಲೆಕೆಳಗಾಗಿ ನಿಲ್ಲಿಸಿ. ಅಕ್ಕಿ ಡಬ್ಬಿ ಬೇಡ, ಹೇರ್ ಡ್ರೈಯರೂ ಬೇಡ. ಬರೀ ನೀರಾದರೆ ಒಣಗಿ ಉಳಿಯುವ ಸಂಭವವಿದೆ. ಹಾಲು ಸಕ್ಕರೆ ಬೋರ್ಡಿನ ಮೇಲೆ ಅಂಟಾಗಿ ನಿಂತು ವಾರದೊಳಗೆ ತಾಮ್ರದ ಗೆರೆಗಳನ್ನು ತಿನ್ನತೊಡಗುತ್ತವೆ. ‘ಆನ್ ಆಗುತ್ತಾ ನೋಡೋಣ’ ಎಂದು ಬಟನ್ ಒತ್ತದೆ, ಅದೇ ದಿನ ಅಥವಾ ಮಾರನೇ ದಿನ ಬಿಚ್ಚಿಸಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆಸಿ. ಚೆಲ್ಲಿದ್ದು ಕಾಫಿ ಎಂದು ಸರ್ವಿಸ್‌ನವರಿಗೆ ಮುಚ್ಚಿಡದೆ ಹೇಳಿ. ಕೀಬೋರ್ಡ್ ಬಿಚ್ಚಿದ ಕೂಡಲೇ ವಾಸನೆಯೇ ಹೇಳುತ್ತದೆ, ಆ ಮಾತು ಬೇರೆ.